ಕೋಟೆಗೆ ಎಳೆದ ಕೆಂಪು ಗೆರೆ

"ಇಷ್ಟೊಂದು ತಿರುವು ಯಾಕೆ? ನೇರ ಎಳೆದರೆ ಆಯಿತಲ್ಲ!" ಎನ್ನುತ್ತಾ ನಾನು ಮೇಜಿನ ಮೇಲೆ ಹರಡಿದ್ದ ನಕ್ಷೆಯಲ್ಲಿ ಕೆಂಪು ಪೆನ್ನಿನಿಂದ ಉದ್ದ ಗೆರೆ ಎಳೆದಾಗ ಜಪಾನಿನ ಎಂಜಿನಿಯರ್ ತನಾಕಾ ಗಾಬರಿಯಿಂದ ಎದ್ದು ನಿಂತರು. ಕೊಲ್ಲಿ ತೀರದ ರಾಸ್ ಅಲ್ ಖೈರ್‌ನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಹತ್ತು ವರ್ಷ ಪೈಪ್ ಹಾಕಿಸಿದ ನನಗೆ ಕಂಡ ಗೆರೆಯೆಲ್ಲ ಪೈಪೇ. ಅದರ ಮೇಲಿನ ಜಪಾನಿ ಅಕ್ಷರ ಓದಲು ಬರದಿದ್ದರೂ ತಪ್ಪು ಹುಡುಕಲು ಮಾತ್ರ ಬರುತ್ತಿತ್ತು.

ಸಹೋದ್ಯೋಗಿ ಅಶ್ರಫ್ ನನ್ನ ಕೈ ಹಿಡಿದ. "ಅದು ಪೈಪ್ ಅಲ್ಲ ಮಾರಾಯ, ಕೋಟೆ! ಅವರ ತೀರಿಹೋದ ಅಪ್ಪ ಬಿಡಿಸಿದ್ದು."

ತನಾಕಾರ ಊರಾದ ಹಿಮೇಜಿಯ ಬಿಳಿ ಕೋಟೆಯ ದಾರಿಯದು. ಮೇಲೇರಿಸಿದಂತೆ ಮಾಡಿ ಕೆಳಗಿಳಿಸುತ್ತದೆ, ಬಾಗಿಲಿನಿಂದ ಬಾಗಿಲಿಗೆ ಸುತ್ತಿಸುತ್ತದೆ. ಶತ್ರು ದಾರಿ ತಪ್ಪಿದರೆ ಗೋಡೆಯ ಕಿಂಡಿಗಳಿಂದ ಬಾಣ ಬಿಡಲು ಅನುಕೂಲ. ಆದರೆ ಕಟ್ಟಿದ ಮೇಲೆ ಯಾವ ಸೈನ್ಯವೂ ಆ ದಾರಿ ಹತ್ತಿ ಬರಲಿಲ್ಲವಂತೆ.

ನಾನು ಬೆವರುತ್ತಾ ಕ್ಷಮೆ ಕೇಳಿದೆ. ತನಾಕಾ ಗೆರೆಯನ್ನೇ ನೋಡಿ, ಮುಖ ಬಿಗಿಹಿಡಿದುಕೊಂಡೇ ಹೇಳಿದರು: "ನಾನೂರು ವರ್ಷ ಕಾದೆವು. ಅಂತೂ ಒಬ್ಬ ಬಂದ."

ಆ ನಕ್ಷೆ ಈಗ ಚೌಕಟ್ಟು ಹಾಕಿಸಿಕೊಂಡು ಅವರ ಗೋಡೆಯ ಮೇಲಿದೆ, ನನ್ನ ಕೆಂಪು ಗೆರೆಯ ಸಮೇತ. ಅವರ ಕೋಣೆಗೆ ಹೋಗುವಾಗ ನಾನು ಪೆನ್ನನ್ನು ಬಾಗಿಲ ಹೊರಗೇ ಇಟ್ಟು ಹೋಗುತ್ತೇನೆ.