ನಲವತ್ತು ಜನರಿಗೆ ಇಟ್ಟ ಕಡಲೆ

ಬೇಯಿಸಿಟ್ಟ ಕಡಲೆ ಪಾತ್ರೆ ಸಮೇತ ಮಾಯವಾಗಿತ್ತು.

ಕಾರವಾರದ ಆಫೀಸಿಗೆ ಹಾಫ್ ಡೇ ರಜೆ ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ಅಂಕೋಲೆಗೆ ಬಂದು, ಎರಡು ಕಿಲೋ ಕಡಲೆ ಬೇಯಿಸಿ ಕಾಯಿಚೂರು ಹಾಕಿಟ್ಟವಳು ನಾನು. ಹೂವು ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಹೀಗೆ.

ಮೊಬೈಲ್ ಇನ್ನೂ ನಮ್ಮ ಮನೆಗೆ ಬಂದಿರದ ದಿನಗಳು. ನಮ್ಮ ಕೇರಿಯ ಕ್ರಿಶ್ಚಿಯನ್ ಮನೆಗಳಿಗೆ ವರ್ಷಕ್ಕೊಮ್ಮೆ ಮಾತೆ ಮರಿಯಮ್ಮನ ಪುಟ್ಟ ಮೂರ್ತಿ ಬರುತ್ತದೆ, ದಿನಕ್ಕೊಂದು ಮನೆ. ಸಾಯ್ಬಿಣ್ ಅನ್ನುತ್ತೇವೆ.

ಬಂದ ಮನೆಯಲ್ಲಿ ಎಲ್ಲರೂ ಸೇರಿ ಜಪಸರ ಹೇಳುವುದು, ಆಮೇಲೆ ಕಡಲೆ ಹಂಚುವುದು. ಅವತ್ತು ನಮ್ಮ ಸರದಿ, ನಲವತ್ತು ಜನ. ಬರಿಗೈಯಲ್ಲಿ ಕಳಿಸಿದರೆ ಮುಂದಿನ ವರ್ಷದವರೆಗೂ ಕೇರಿಯಲ್ಲಿ ಅದೇ ಮಾತು.

ಆಯಿ, ಅಂದರೆ ನನ್ನ ಅಮ್ಮ, ಆರಾಮಾಗಿ ಮೇಣದಬತ್ತಿ ಜೋಡಿಸುತ್ತಿದ್ದಳು.

"ಗಂಗಕ್ಕನ ಮನೆಗೆ ಕೊಟ್ಟೆ. ಅವಳ ತಮ್ಮ ಆಸ್ಪತ್ರೇಲಿ ಅವ್ನೆ. ಹಿಲ್ಲೂರಿಂದ ಹತ್ತು ಜನ ಬಂದವ್ರೆ, ಬೆಳಗಿಂದ ಹೊಟ್ಟಿಗೆ ಏನೂ ಇಲ್ಲ."

ಗಂಗಕ್ಕ ನಮ್ಮ ಪಕ್ಕದ ಮನೆಯವಳು, ಗದ್ದೆ ಕೂಲಿಗೆ ಹೋಗುವವಳು. ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. ಅರ್ಧ ಕೊಡಬಹುದಿತ್ತಲ್ಲ ಅಂದೆ.

"ಹಸಿದವ್ರಿಗೆ ಅಳೆದು ಕೊಡ್ತಾರೇನೆ? ನಮ್ಗೆ ದೇವ್ರು ಕೊಡ್ತಾನೆ."

ದೇವರಿಗೆ ಉಳಿದದ್ದು ಅರ್ಧ ಗಂಟೆ...

ಮತ್ತೆ ನೆನೆಸಿ ಬೇಯಿಸಲು, ಪೇಟೆಗೆ ಹೋಗಿ ಬರಲು ಸಮಯವಿಲ್ಲ. ಅಷ್ಟರಲ್ಲಿ ಮೂರ್ತಿ ಬಂತು, ಜನ ಬಂದರು, ಆಯಿ ಮುಂದೆ ಕೂತು ಜಪ ಶುರು ಮಾಡಿಯೇಬಿಟ್ಟಳು. ಕೇರಿಯ ಯಾರ ಮನೆಯಲ್ಲಾದರೂ ಹಂಚಲು ಏನಾದರೂ ಸಿಕ್ಕೀತೆಂದು ನಾನು ಹಿಂದಿನ ಬಾಗಿಲಿನಿಂದ ಓಡಿದೆ.

ಹೋದ ಮನೆಗೆಲ್ಲ ಬೀಗ. ಇರದೆ ಏನು? ಆ ಮನೆಯವರೆಲ್ಲ ನಮ್ಮ ಜಗಲಿಯಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದಾರೆ.

ತಿರುಗಿ ಬಂದು ಬಾಗಿಲಲ್ಲಿ ಇಣುಕಿದೆ. ಜಪಸರ ಮುಗಿಯುತ್ತಾ ಬಂದಿದೆ. ಆಯಿ ನನ್ನ ಖಾಲಿ ಕೈ ನೋಡಿದಳು, ಕಣ್ಣು ಮುಚ್ಚಿದಳು, ಕಾಯಿಲೆಯವರಿಗಾಗಿ ಅಂತ ಇನ್ನೊಂದು ಪ್ರಾರ್ಥನೆ ಶುರು ಮಾಡಿದಳು.

ಮತ್ತೆ ಓಡಿದೆ. ಮತ್ತೆ ಇಣುಕಿದೆ. ಈಗ ಸಮುದ್ರಕ್ಕೆ ಹೋದವರಿಗಾಗಿ. ಆಮೇಲೆ ಬಸ್ ಡ್ರೈವರುಗಳಿಗಾಗಿ. ಜನ ಮಂಡಿ ಬದಲಿಸುತ್ತಿದ್ದರು. ನನಗೆ ಸಿಟ್ಟಿನಲ್ಲಿ ಅಳು ಬರುವುದೊಂದು ಬಾಕಿ.

ಗಂಗಕ್ಕನ ಮನೆಯ ದಾರಿಯನ್ನು ಬೇಕೆಂದೇ ತಪ್ಪಿಸುತ್ತಿದ್ದೆ. ಕೊಟ್ಟವರು ಹಿಂದೆಯೇ ಕೇಳಲು ಹೋದರೆ ಏನು ಚೆಂದ? ಆದರೆ ಅವಳೇ ಬೇಲಿಯ ಹತ್ತಿರ ಬಂದಳು.

"ಎಂತ ಹುಡುಕ್ತೆ ತಂಗೀ, ಆಗಿಂದ ಓಡ್ತೇ ಇದ್ಯಲ್ಲೆ?"

ಏನಿಲ್ಲ ಅಂದೆ. ಅವಳು ನನ್ನ ಮುಖ ನೋಡಿದಳು, ನಮ್ಮ ಮನೆಯ ಜಪ ಕೇಳಿಸಿಕೊಂಡಳು. ಅರ್ಥವಾಯಿತು.

"ಅಯ್ಯೋ, ನಿಮ್ಮ ಸಾಯ್ಬಿಣೀದೇ ಉಂಡ್ಬಿಟ್ವನೆ ನಾವು? ನಿಮ್ಮ ಆಯಿ ಒಂದು ಮಾತೂ ಹೇಳ್ಲಿಲ್ಲ."

ಒಳಗೆ ಹೋದವಳು ಹಣ್ಣಾದ ಇಡೀ ಬಾಳೆಗೊನೆ ತಂದಳು. ಅಕ್ಕನ ಮನೆಗೆ ಬರಿಗೈಯಲ್ಲಿ ಬರಬಾರದೆಂದು ಹಿಲ್ಲೂರಿನವರು ತಂದದ್ದು. ಬೇಡ ಅಂದರೂ ಕೇಳದೆ ನನ್ನ ಹೆಗಲಿಗೇರಿಸಿ ಹಿಂದೆಯೇ ಬಂದಳು.

ಹಿಂದಿನ ಬಾಗಿಲಿಗೆ ಬಂದಾಗ ಆಯಿ ಹೇಳುತ್ತಿದ್ದಳು... ಹಿಲ್ಲೂರಿನ ಬೊಮ್ಮಯ್ಯನಿಗಾಗಿ. ಅವನ ಮುಖ ಕೂಡ ನೋಡದ ನಲವತ್ತು ಜನ ಒಟ್ಟಿಗೆ ದನಿಗೂಡಿಸಿದರು.

ತಮ್ಮನ ಹೆಸರು ಕೇಳಿ ಗಂಗಕ್ಕ ಹೊಸ್ತಿಲಲ್ಲೇ ಕೂತುಬಿಟ್ಟಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನ್ನ ಸಿಟ್ಟಿಗೆ ಎಲ್ಲಿ ಹೋಗಬೇಕೋ ತಿಳಿಯಲಿಲ್ಲ.

ಬಾಳೆಹಣ್ಣು ಎಲ್ಲರಿಗೂ ಸಾಕಾಯಿತು. ಮೂರನೇ ದಿನ ಬೊಮ್ಮಯ್ಯ ಎದ್ದು ಕೂತು ಗಂಜಿ ಕುಡಿದನಂತೆ.

ಆ ಸಂಜೆ ಎಲ್ಲರೂ ಹೋದ ಮೇಲೆ ಆಯಿ, "ನೋಡಿದ್ಯಾ, ದೇವ್ರು ಕೊಟ್ಟ" ಅಂದಳು.

ಹೊಸ ಚೂಡಿದಾರದ ಹೆಗಲಿಗೆ ಹತ್ತಿದ ಬಾಳೆ ಕರೆ ತೋರಿಸಿದೆ. ಓಡಿದ್ದು ನಾನು, ಹೊತ್ತದ್ದು ನಾನು, ಹೆಸರು ಮಾತ್ರ ಅವನಿಗೆ?

ಆಯಿ ಮೇಣದಬತ್ತಿ ಆರಿಸುತ್ತಾ ಹೇಳಿದಳು. "ಅವ್ನ ಹತ್ರ ನಿನ್ನ ಹೆಸ್ರು ಹೇಳೇ ಕೇಳಿದ್ದೆ ಮಗಾ."

ಆ ಕಲೆ ಕೊನೆಗೂ ಹೋಗಲಿಲ್ಲ. ನಿಮ್ಮ ಮನೆಯಲ್ಲಿ ದೇವರು ಕೊಟ್ಟದ್ದನ್ನು ಹೊತ್ತು ತರುವವರು ಯಾರು?