ಎದುರು ಕೂತ ಜೊತೆಗಾರ

ಕ್ಯಾರಂ ಬೋರ್ಡಿನ ಮೇಲೆ ಕಾಯಿಗಳ ಬದಲು ಬೆಳಗಾವಿಯೇ ಬಂದು ಕೂರಬಹುದಿತ್ತು. ಮೊದಲ ತಪ್ಪು ಹೊಡೆತಕ್ಕೇ ಯಾರಾದರೂ ಘೋಷಣೆ ಕೂಗಬಹುದಿತ್ತು. ಅದನ್ನು ಇನ್ನಾರೋ ಮೊಬೈಲಿನಲ್ಲಿ ಹಿಡಿದು, ಸಂಜೆಯೊಳಗೆ ಎರಡೂ ರಾಜ್ಯಗಳ ವಾರ್ತೆಯಲ್ಲಿ ನನ್ನ ಬಕ್ಕತಲೆ ಕಾಣಿಸಬಹುದಿತ್ತು. ನಮ್ಮ ಬಾಗಿಲಿನ ಹೆಸರಿನ ಫಲಕಕ್ಕೆ ಮಸಿ ಬೀಳಬಹುದಿತ್ತು. ಫಲಕದಲ್ಲಿ ಕನ್ನಡ ಇಲ್ಲ, ಇರುವುದು ಇಂಗ್ಲಿಷು, ಆದರೂ ಬೀಳಬಹುದಿತ್ತು. ನನ್ನ ಬಿ.ಪಿ. ಏರಬಹುದಿತ್ತು. ಜೊತೆಗಾರ ಬಾರದೇ ಇರಬಹುದಿತ್ತು. ಅದಕ್ಕಿಂತ ಕೆಟ್ಟದೆಂದರೆ, ಬಂದೇಬಿಡಬಹುದಿತ್ತು.

ನಾನು ಮುಂಬಯಿಯ ಪರೇಲಿನ ಒಂದು ವಿಮಾ ಕಚೇರಿಯಲ್ಲಿದ್ದೇನೆ. ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೆ ಅಲ್ಲಿ ಸಂಬಳ ಕೊಡುತ್ತಾರೆ. ಮನೆಗೆ ಬಂದು ಅದನ್ನೇ ಪುಕ್ಕಟೆ ಮಾಡುತ್ತೇನೆ.

ಮನೆ ಕುರ್ಲಾದ ಹಳೆಯ ಚಾಳೊಂದರಲ್ಲಿ, ಅಂದರೆ ವಠಾರದಲ್ಲಿ. ನಾನು ಬೆಳಗಾವಿಯವನು, ಪಕ್ಕದ ಮನೆಯವನು ಕೊಲ್ಹಾಪುರದವನು. ನಡುವೆ ಇರುವುದು ಮೊಳೆ ಹೊಡೆದರೆ ಆಚೆ ಬದಿಗೆ ಹೊರಬರುವಷ್ಟು ತೆಳುವಾದ ಗೋಡೆ. ನಾನು ಅವನಿಗೆ ಮರಾಠಿಯಲ್ಲಿ ಭಾವೂ, ಅಂದರೆ ಅಣ್ಣ, ಎನ್ನುತ್ತೇನೆ, ಅವನು ನನಗೆ ಅಣ್ಣಾ ಎನ್ನುತ್ತಾನೆ. ವಯಸ್ಸಿನಲ್ಲಿ ಅವನೇ ದೊಡ್ಡವನು. ಆದರೆ ಮುಂಬಯಿಯಲ್ಲಿ ದಕ್ಷಿಣದವರೆಲ್ಲ ಹುಟ್ಟುತ್ತಲೇ ಅಣ್ಣಂದಿರು. ನಮ್ಮ ಮಾತು ಅರ್ಧ ಮರಾಠಿ, ಅರ್ಧ ಹಿಂದಿ. ಇಲ್ಲಿ ಹೆಚ್ಚಿನದನ್ನು ಕನ್ನಡದಲ್ಲೇ ಬರೆಯುತ್ತೇನೆ. ಸಂಜೆ ಆಫೀಸಿನಿಂದ ಬಂದು ಮನೆಗಳ ಮುಂದಿನ ಗ್ಯಾಲರಿಯಲ್ಲಿ ಬೋರ್ಡು ಹಾಕಿಕೊಂಡು ಕೂತರೆ ಇಬ್ಬರ ಮನೆಯಿಂದಲೂ ಮೂರು ಸಲ ಊಟಕ್ಕೆ ಕೂಗು ಬರಬೇಕಿತ್ತು. ಚಾಳಿನಲ್ಲಿ ಗಣರಾಜ್ಯೋತ್ಸವಕ್ಕೆ ನಡೆಯುವ ಡಬಲ್ಸ್ ಪಂದ್ಯಕ್ಕೆ ಪ್ರತಿ ವರ್ಷವೂ ನಾವಿಬ್ಬರು ಒಂದು ಜೋಡಿ.

ಆ ಚಳಿಗಾಲದಲ್ಲಿ ಗಡಿ ಮತ್ತೆ ಬಿಸಿಯಾಯಿತು. ಆ ಕಡೆ ಮಹಾರಾಷ್ಟ್ರದ ಬಸ್ಸು ತಡೆದರು, ಈ ಕಡೆ ಕರ್ನಾಟಕದ ಬಸ್ಸಿಗೆ ಮಸಿ ಬಳಿದರು. ಬೆಳಿಗ್ಗೆ ನೀರು ಹಿಡಿಯುವಾಗ ಭಾವೂ ಹೇಳಿದ:

"ನೋಡು ಅಣ್ಣಾ, ನಿಮ್ಮವರು ನಮ್ಮ ಬಸ್ ನಿಲ್ಲಿಸಿದ್ದಾರೆ."

"ಕುರ್ಲಾ ಸ್ಟೇಷನ್ನಿನ ಹೊರಗೆ ನನ್ನ ಕೈಗೆ ಒಂದು ರಿಕ್ಷಾ ನಿಲ್ಲೋದಿಲ್ಲ ಭಾವೂ. ಬಸ್ಸು ನಾನೆಲ್ಲಿಂದ ನಿಲ್ಲಿಸಲಿ?"

ಅವನ ಮೀಸೆಯ ತುದಿ ಅಲುಗಿತು. ಅಲ್ಲಿಗೇ ಬಿಟ್ಟಿದ್ದರೆ ನಕ್ಕುಬಿಡುತ್ತಿದ್ದ. ನಾನು ಬಿಡಲಿಲ್ಲ. "ಮಸಿ ಬಳಿದವರು ಮಾತ್ರ ನಿಮ್ಮವರೇ," ಎಂದೆ.

"ನಿಮ್ಮವರು ನಿಲ್ಲಿಸಿದ ಬಸ್ಸಿನಲ್ಲಿ ನನ್ನ ತಂಗಿ ಇದ್ದಳು. ಮಗುವಿನ ಜೊತೆ ರಸ್ತೆ ಮೇಲೆ ಕೂತಿದ್ದಳು."

"ನಮ್ಮ ಡ್ರೈವರನಿಗೂ ಮನೆಯಲ್ಲಿ ಮಕ್ಕಳಿರುತ್ತಾರೆ."

"ಇಷ್ಟು ವರ್ಷ ಇಲ್ಲಿಯ ಅನ್ನ ತಿಂದು..." ಎಂದ ಅವನು ವಾಕ್ಯ ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಸದ್ದಾದರೆ ಜಗಳ ಬೆಳೆದೀತೆಂದು ಮೆಲ್ಲಗೆ ಹಾಕಿದೆ. ಆಮೇಲೆ, ಸಿಟ್ಟು ಬಂದಿದ್ದು ಅವನಿಗೆ ತಿಳಿಯಲೇ ಇಲ್ಲವೇನೋ ಎಂದು ಚಿಂತೆಯಾಯಿತು.

ಅಂದಿನಿಂದ ಮಾತಿಲ್ಲ. ನಮ್ಮಿಬ್ಬರ ಹೆಂಡಿರು ಮಾತ್ರ ಎಂದಿನಂತೆ ಪಲ್ಯದ ಬಟ್ಟಲು ಬದಲಾಯಿಸಿಕೊಳ್ಳುತ್ತಿದ್ದರು. ನಾನು ಅವರ ಮನೆಯ ಕಡಲೆಹಿಟ್ಟಿನ ಝುಣಕಾ ತಿನ್ನುತ್ತ ಮುಖ ಗಂಟಿಕ್ಕಿಕೊಂಡಿದ್ದರೆ ನನ್ನವಳು ಹೇಳಿದಳು: "ಬೆಳಗಾವಿ ಅದರ ಪಾಡಿಗೆ ಅಲ್ಲೇ ಐತ್ರಿ. ನೀವಿಬ್ಬರೂ ಇಲ್ಲಿ ಒಂದ ನಳಕ್ಕ ಪಾಳಿ ಹಚ್ಚೀರಿ. ಬೆಳಗಾವಿನ ಯಾರಿಗೆ ಕೊಟ್ಟರೂ ನಿಮ್ಮ ಕೈಯಾಗಂತೂ ಕೊಡೂದಿಲ್ಲ."

ಬೆಳಗಾವಿ ಯಾರದೆಂಬ ಬಗ್ಗೆ ನನಗೆ ಆಗಲೂ ಸಂದೇಹವಿರಲಿಲ್ಲ, ಈಗಲೂ ಇಲ್ಲ. ಆದರೆ ನನಗೆ ಬೇಕಾಗಿದ್ದು ಬೆಳಗಾವಿಯಲ್ಲ. ಆ ಮನುಷ್ಯ ಮೊದಲಿನಂತೆ ಒಂದು ಮಾತಾಡಬೇಕಿತ್ತು. ನಾನೇ ಆಡೋಣವೆಂದರೆ, ಆಡಿದ ಮೇಲೆ ಅವನು ಉತ್ತರಿಸದಿದ್ದರೆ? ಹೀಗೆ ಯೋಚಿಸುತ್ತಲೇ ಜನವರಿ ಬಂತು. ಪಂದ್ಯದ ಪಟ್ಟಿಯಲ್ಲಿ ನಮ್ಮ ಜೋಡಿ ಆಗಲೇ ಏರಿತ್ತು. ಜೋಡಿ ಬದಲಿಸಬೇಕೆಂದರೆ ಅವನೊಂದಿಗೆ ಮಾತಾಡಬೇಕು. ಹೆಸರು ಹಿಂತೆಗೆದುಕೊಂಡರೆ ಕರ್ನಾಟಕ ಹಿಮ್ಮೆಟ್ಟಿತು ಎಂದಾರು. ಗೋಡೆಯಾಚೆ ಅವನೂ ಮಹಾರಾಷ್ಟ್ರದ ಬಗ್ಗೆ ಇದೇ ಲೆಕ್ಕ ಹಾಕುತ್ತಿದ್ದನೆಂದು ಕಾಣುತ್ತದೆ.

"ಹೋಗ್ರಿ, ಆಡಿ ಬರ್ರಿ," ಎಂದಳು ಇವಳು. "ಸೋತರ ಇಬ್ಬರೂ ಕೂಡೇ ಸೋಲ್ತೀರಿ."

ಅಂಗಳದಲ್ಲಿ ಚಾಳಿನ ಸೆಕ್ರೆಟರಿ ಮೈಕು ಹಿಡಿದು, ಕ್ರೀಡೆ ಮನಸ್ಸುಗಳನ್ನು ಬೆಸೆಯುತ್ತದೆ ಎಂದರು. ಎರಡು ದೇಶಗಳ ಕ್ರಿಕೆಟ್ ಆಟಗಾರರು ಕೈಯನ್ನೂ ಕುಲುಕದೆ ನಡೆದುಹೋದದ್ದನ್ನು ನಾವೆಲ್ಲ ಟೀವಿಯಲ್ಲಿ ಕಂಡವರೇ. ಆದ್ದರಿಂದ ನಾನು ಚಪ್ಪಾಳೆ ತಟ್ಟಿದರೂ ನಂಬಲಿಲ್ಲ.

ಭಾವೂ ಬಂದ. ನನ್ನೆದುರು ಕೂತು ಪೌಡರು ಉದುರಿಸಿದ. ಡಬಲ್ಸಿನಲ್ಲಿ ಜೊತೆಗಾರರು ಎದುರುಬದುರು ಕೂರಬೇಕು. ಆಟ ಮುಗಿಯುವವರೆಗೆ ಒಬ್ಬರಿಗೊಬ್ಬರು ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಮಾಡಿದರೆ ಆ ಜೋಡಿ ಪಾಕೆಟ್ಟಿಗೆ ಹಾಕಿದ ಕಾಯಿಯೊಂದು ವಾಪಸ್ ಬೋರ್ಡಿಗೆ ಬರುತ್ತದೆ. ನನಗೆ ಈ ನಿಯಮ ವರವಾಗಿ ಕಂಡಿತು. ನಮ್ಮ ಮೌನಕ್ಕೆ ಈಗ ಕಾನೂನಿನ ಬೆಂಬಲವಿತ್ತು. ಎದುರಾಳಿಗಳು ಕೆಳಗಿನ ಇಸ್ತ್ರಿ ಅಂಗಡಿಯ ಅಣ್ಣತಮ್ಮಂದಿರು. ಅವರಲ್ಲಿ ಕಿರಿಯವನು ಬೇಕೆಂದೇ ಕೆಣಕಿದ: "ಕ್ಯಾ ಚಾಚಾ, ಆಪ್ ದೋನೋ ಘರ್ ಮೇಂ ಭೀ ರೂಲ್ ಪಾಲ್ತೇ ಹೋ?" ನೀವಿಬ್ಬರೂ ಮನೆಯಲ್ಲೂ ಈ ನಿಯಮ ಪಾಲಿಸುತ್ತೀರಾ, ಎಂದು. ಸುತ್ತ ನಿಂತವರು ನಕ್ಕರು. ನಮ್ಮ ಮಾತು ನಿಂತದ್ದು ಇಡೀ ಚಾಳಿಗೆ ಗೊತ್ತಿತ್ತೆಂದು ನನಗೆ ಗೊತ್ತಾದದ್ದು ಆಗ.

ಆಡುತ್ತ ಆಡುತ್ತ ಒಂದು ಸಂಗತಿಯನ್ನು ಗಮನಿಸಿದೆ. ನನ್ನ ಎದೆಗೆ ತೀರ ಹತ್ತಿರ ಬಿದ್ದ ಕಾಯಿ ನನ್ನ ಕೈಗೆ ಒದಗುವುದಿಲ್ಲ. ಎದುರಿನಿಂದ ಅವನಿಗೆ ಅದು ಸಲೀಸು. ಅವನ ಮಗ್ಗುಲಿನದು ನನಗೆ ಸಲೀಸು. ಹಾಗಾಗಿ ಇಷ್ಟು ದಿನ ಅವನ ಮುಖ ತಪ್ಪಿಸಿದವನು, ಪ್ರತಿ ಸಲ ಹೊಡೆಯುವ ಮೊದಲು ಅವನು ಕೂತ ಜಾಗದಿಂದ ಬೋರ್ಡು ಹೇಗೆ ಕಾಣಬಹುದೆಂದು ಯೋಚಿಸಬೇಕಾಯಿತು. ಅವನೂ ನನಗಾಗಿ ಕಾಯಿಗಳನ್ನು ಬಿಡುತ್ತಿದ್ದ. ಇದರಿಂದ ಗಡಿ ತೀರ್ಮಾನವಾಗುತ್ತದೆಂದು ನಾನು ಹೇಳುತ್ತಿಲ್ಲ. ರಾಜ್ಯಗಳಿಗೆ ಒಂದೇ ಬಣ್ಣದ ಕಾಯಿ ಕೊಟ್ಟು ಕೂರಿಸುವವರು ಯಾರು? ಕೋರ್ಟಿನಲ್ಲೂ ಬೀದಿಯಲ್ಲೂ ಅವು ಎದುರಾಳಿಗಳಾಗಿಯೇ ಕೂರುತ್ತವೆ. ಕ್ರೀಡೆ ಮನಸ್ಸು ಬೆಸೆಯುತ್ತದೋ ಇಲ್ಲವೋ, ನಮಗೆ ಮಾಡಲು ಒಂದು ಕೆಲಸ ಕೊಟ್ಟಿತ್ತು, ಅಷ್ಟೆ.

ಕೊನೆಯ ಸುತ್ತಿನಲ್ಲಿ ನಮ್ಮದು ಒಂದೇ ಬಿಳಿ ಕಾಯಿ ಉಳಿಯಿತು. ಅವರದೂ ಒಂದೇ ಕರಿ ಕಾಯಿ, ಪಾಕೆಟ್ಟಿನ ಬಾಯಲ್ಲೇ ನಿಂತಿತ್ತು. ನಾನು ತಪ್ಪಿದರೆ ಆಟ ಮುಗಿಯಿತು. ಸ್ಟ್ರೈಕರು ಇಟ್ಟೆ, ತೆಗೆದೆ. ಮತ್ತೆ ಇಟ್ಟೆ. ಬೆರಳು ನಡುಗುತ್ತಿದ್ದುದು ಹಿಂದಿನ ಸಾಲಿನವರಿಗೂ ಕಾಣುತ್ತಿತ್ತು.

"ಘಾಬರೂ ನಕೋ ರೇ ಅಣ್ಣಾ," ಎಂದ ಭಾವೂ. ಗಾಬರಿಯಾಗಬೇಡ, ಎಂದು. "ಆರಾಮವಾಗಿ ಹೊಡಿ."

ಅಂಪೈರು ತಲೆಯೆತ್ತಿ, "ಮಾತಾಡಿದ್ದು ಯಾರು?" ಎಂದು ಕೇಳಿದರು.

"ನಾನೇ," ಎಂದ ಭಾವೂ, ನನ್ನ ಮುಖವನ್ನೇ ನೋಡುತ್ತ. "ಫೌಲ್ ಕೊಡಿ. ಇವನು ಮನೆಯಲ್ಲೂ ಹೀಗೇ ನಡುಗುತ್ತಾನೆ, ಎಷ್ಟು ಹೊತ್ತು ಸುಮ್ಮನೆ ನೋಡಲಿ?"

ಅಂಪೈರು ನಮ್ಮದೊಂದು ಬಿಳಿ ಕಾಯಿಯನ್ನು ತೆಗೆದು ಬೋರ್ಡಿನ ನಡುವೆ ಇಟ್ಟರು. ನಾನು ಒಂದನ್ನು ಹಾಕಿದೆ, ಇನ್ನೊಂದು ತಪ್ಪಿತು, ಅವರು ತಮ್ಮ ಕರಿ ಕಾಯಿ ಹಾಕಿದರು, ನಾವು ಸೋತೆವು.