ಮೊಮ್ಮಗಳ ತೊಟ್ಟಿಲು, ಪಾರ್ಟಿಯ ಮಂಟಪ

ಮಗಳ ಚೊಚ್ಚಲ ಹೆರಿಗೆ, ಹೆಣ್ಣು ಕೂಸು. ಮುಂಬಯಿ ಸಾಂತಾಕ್ರೂಜಿನ ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ನಾನು ಚಾಳಿನ ಒಂದೊಂದು ಖೋಲಿಯ ಬಾಗಿಲಿಗೂ ಹೋಗಿ ಪೇಡೆ ಹಂಚಿದೆ. ತಗೊಂಡವರಿಗೇ ಎರಡನೇ ಸಲವೂ ಕೊಟ್ಟೆನಂತೆ. ಗೌಂಡಿ ಕೆಲಸದವನು ನಾನು, ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು, ಆದರೂ ಮೊಮ್ಮಗಳ ವಿಷಯ ಬಂದರೆ ಪೆನ್ನು ತಾನಾಗಿ ಓಡುತ್ತದೆ. ಅವಳ ತೊಟ್ಟಿಲ ದಿನಕ್ಕೆ ಬಂದಾಗ ಮಾತ್ರ ನಾಚಿಕೆಯಿಂದ ನಿಂತುಬಿಡುತ್ತದೆ.

ತೊಂಬತ್ತರ ದಶಕದ ಶುರು ಅದು. ಮುನಸಿಪಾಲ್ಟಿ ಎಲೆಕ್ಷನ್ನಿಗೆ ನಮ್ಮ ಚಾಳಿನವರೇ ಒಬ್ಬ ಮರಾಠಿಗರು ನಿಂತಿದ್ದರು. ಎಲ್ಲರೂ ಅವರನ್ನು ಭಾವೂ ಅನ್ನುತ್ತಿದ್ದೆವು. ಚಾಳಿಗೆ ನಳ ತಂದವರು ಅವರು. ಮಗಳಿಗೆ ನೋವು ಬಂದಾಗ ಟ್ಯಾಕ್ಸಿ ಹಿಡಿದು ಆಸ್ಪತ್ರೆ ಮುಟ್ಟಿಸಿದವರೂ ಅವರೇ. ಅವರ ಪಾರ್ಟಿ ಹೊರಗಿನಿಂದ ಬಂದವರ ಮೇಲೆ ಬೆಂಕಿ ಕಾರುತ್ತಿತ್ತು, ಅದು ಗೊತ್ತಿಲ್ಲದ್ದೇನಲ್ಲ. "ಪಾರ್ಟಿ ಹೆಂಗರ ಇರಲಿ, ಮನಶಾ ನಮ್ಮಾಂವ" ಎಂದು ಕನ್ನಡದವರು, ಗುಜರಾತಿಗಳು, ಮುಸಲ್ಮಾನರು ಎಲ್ಲ ಮನಸ್ಸಿನಲ್ಲೇ ಓಟು ಕೊಟ್ಟುಬಿಟ್ಟಿದ್ದೆವು. ವಾರ್ಡಿನ ಮರಾಠಿ ಓಟು ಎರಡು ಪಾರ್ಟಿಗೆ ಹರಿದಿತ್ತು. ನಮ್ಮಂಥವರು ಕೈಹಿಡಿದರಷ್ಟೇ ಭಾವೂ ಗೆಲ್ಲುವುದು.

ಅಂಗಳದಲ್ಲಿ ಸಂಜೆಯ ಸಭೆಗೆಂದು ಮಂಟಪ ಎದ್ದಿತ್ತು. "ಕಾಕಾ, ನಿಮ್ಮ ಖೋಲಿಯಾಗ ಎಷ್ಟು ಹೆಣ್ಮಕ್ಕಳು ಹಿಡೀತಾರ? ಇದೇ ಮಂಟಪದಾಗ ಮಾಡ್ರಿ. ಮಧ್ಯಾಹ್ನ ನಿಮ್ಮ ತೊಟ್ಟಿಲಾ, ಸಂಜೀಕ ನಮ್ಮ ಸಭಾ" ಎಂದರು ಭಾವೂ. ನಮ್ಮ ಸಂಗಡ ಇದ್ದೂ ಇದ್ದೂ ಅಷ್ಟು ಕನ್ನಡ ಕಲಿತಿದ್ದರು.

ನನ್ನ ಹೆಂಡತಿಗೆ ಮನಸ್ಸಿರಲಿಲ್ಲ. "ಕೂಸಿನ ತಲೀ ಮ್ಯಾಲ ಅವರ ಬಾವುಟಾ ಯಾಕ್ರೀ?"

"ಬಾವುಟಾ ಏನ್ ಕಡೀತದೇನ?" ಎಂದು ನಕ್ಕೆ.

ಚಾಳಿಗೆ ಚಾಳೇ ಬಂತು. ಹೆಸರಿಡುವ ಮೊದಲು ಕೂಸನ್ನು ಒಬ್ಬಳು ತೊಟ್ಟಿಲ ಮೇಲಿಂದ ಕೊಟ್ಟು, ಇನ್ನೊಬ್ಬಳು ಇಸಿದುಕೊಂಡು ಕೆಳಗಿನಿಂದ ತಿರುಗಿ ಕೊಡುವುದು ನಮ್ಮ ಪದ್ಧತಿ. ಮರಾಠಿಗರಲ್ಲೂ ಹಾಗೆಯೇ. ಈ ಕಡೆ ಭಾವೂನ ಹೆಂಡತಿ ನಿಂತಳು. ಆ ಕಡೆ ಪಕ್ಕದ ಖೋಲಿಯ ಟೇಲರನ ಹೆಂಡತಿ. ಅವಳು ವಿಜಾಪುರ ಕಡೆಯ ಮುಸಲ್ಮಾನ ಹೆಣ್ಣುಮಗಳು, ನನ್ನನ್ನು ಅಣ್ಣಾ ಅನ್ನುತ್ತಿದ್ದಳು.

ಅಷ್ಟರಲ್ಲಿ ಗೇಟಿಗೆ ಜೀಪು ಬಂತು. ಸಂಜೆ ಬರಬೇಕಾದ ಪಾರ್ಟಿಯ ದೊಡ್ಡ ಭಾಷಣಕಾರ ಆಗಲೇ ಇಳಿದ. ತುಂಬಿದ ಮಂಟಪ ಕಂಡು ಅವನಿಗೆ ಹಿಗ್ಗು. ಎಲ್ಲರೂ ತನಗಾಗಿಯೇ ಕೂತಿದ್ದಾರೆಂದುಕೊಂಡ. ಮೈಕು ಹಿಡಿದೇಬಿಟ್ಟ. ಭಾವೂ ಓಡಿದರು: "ಸಾಹೇಬ, ಥಾಂಬಾ, ನಿಲ್ರಿ, ಇಲ್ಲಿ ಕೂಸಿನ ಹೆಸರಿಡೂದು ನಡದದ!" ಅವನು ಭಾವೂನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆಳೆದುಕೊಂಡ. ಲುಂಗಿಯವರನ್ನು, ಅಂದರೆ ನಮ್ಮಂಥ ದಕ್ಷಿಣದವರನ್ನು, ರೈಲು ಹತ್ತಿಸುತ್ತೇವೆ ಎಂದು ಮೈಕಿನಲ್ಲಿ ಕೂಗಿದ. ಮುಸಲ್ಮಾನರ ಬಗ್ಗೆ ಅಂದದ್ದನ್ನು ನಾನು ಬರೆಯುವುದಿಲ್ಲ. ಗೇಟಿನ ಹುಡುಗರು ಸೀಟಿ ಹೊಡೆದು ಚಪ್ಪಾಳೆ ತಟ್ಟಿದರು. ಭಾವೂ ನಮ್ಮ ಕಡೆ ಮುಖಮಾಡಿ, ಕೈಮುಗಿದು, ಅವನ ತೋಳಿನಡಿಯೇ ನಿಂತಿದ್ದರು.

ಕೂಸು ಆಗ ಟೇಲರನ ಹೆಂಡತಿಯ ಕೈಯಲ್ಲಿತ್ತು. ಅವಳು ಮೆಲ್ಲಗೆ ಅದನ್ನು ತೊಟ್ಟಿಲಲ್ಲಿ ಮಲಗಿಸಿ, ದುಪಟಿ ಸರಿಮಾಡಿ, "ಅಣ್ಣಾ, ಹೆಸರೇನ್ ಇಟ್ರಿ ಅಂತ ಆಮ್ಯಾಲ ಹೇಳ್ರಿ" ಎಂದು ಹೊರಟಳು. ನಮ್ಮ ಮೇಲಿನ ಖೋಲಿಯಲ್ಲಿದ್ದ, ಮಾಟುಂಗದ ಹೊಟೇಲಿನ ಅಡಿಗೆ ಭಟ್ಟರು ಚಪ್ಪಲಿ ಮೆಟ್ಟುತ್ತ ನನ್ನ ಹತ್ತಿರ ಬಂದರು. "ಏನು ಮಾರಾಯ್ರೆ, ಕರೆದು ಬೈಸುವುದಾ? ಗುಗ್ಗರಿಯೊಟ್ಟಿಗೆ ಇದೂ ಉಂಟು ಅಂತ ಮೊದಲೇ ಹೇಳಬಾರದಿತ್ತಾ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೊಮ್ಮಗಳ ನೆಪದಲ್ಲಿ ಜನ ಕೂಡಿಸಿ ಪಾರ್ಟಿಗೆ ಒಪ್ಪಿಸಿದೆ ಎಂದೇ ಎಲ್ಲರೂ ತಿಳಿದರು. ಕೂಸಿನ ಕಿವಿಯಲ್ಲಿ ಹೆಸರು ಉಸುರಿದ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ನಗುನಗುತ್ತ ಗುದ್ದುವುದು ಪದ್ಧತಿ, ಗುದ್ದಲು ಹೆಂಗಸರೇ ಉಳಿದಿರಲಿಲ್ಲ.

ಉಳಿದ ಗುಗ್ಗರಿ ಹೊತ್ತು ಬಾಗಿಲು ಬಾಗಿಲಿಗೆ ಹೋದೆ. ಯಾರೂ ಬೇಡವೆನ್ನಲಿಲ್ಲ, ಅದೇ ಇನ್ನೂ ಕಷ್ಟ. ಟೇಲರನ ಹೆಂಡತಿ ಸೆರಗಿನಲ್ಲಿ ತಗೊಂಡು ಹೇಳಿದಳು: "ನಿಮ್ ಮ್ಯಾಲ ಸಿಟ್ಟಿಲ್ಲಣ್ಣಾ. ಭಾವೂನ ಮ್ಯಾಲೂ ಇಲ್ಲ. ಆದ್ರ ಆ ಪಾರ್ಟೀ ಗುರ್ತಿನ ಮ್ಯಾಲ ಓಟಿನ ಶಿಕ್ಕಾ ಒತ್ತಾಕ ಕೈ ಏಳೂದಿಲ್ಲ."

ಪಾರ್ಟಿಯವರಿಗೆ ಮಾತ್ರ ಖುಷಿಯೋ ಖುಷಿ. ಎಂಥ ಚಪ್ಪಾಳೆ, ಸೀಟು ಬಂದಂತೆಯೇ ಎಂದು ಕುಣಿದರು. ಚಪ್ಪಾಳೆ ಹೊಡೆದವರಲ್ಲಿ ಅರ್ಧ ಹುಡುಗರಿಗೆ ಓಟಿನ ವಯಸ್ಸೇ ಆಗಿರಲಿಲ್ಲ. ಓಟಿದ್ದವರು ಸುಮ್ಮನೆ ಎದ್ದು ಮನೆಗೆ ಹೋಗಿದ್ದರು. ಅದು ಅವರಿಗೆ ಕೇಳಿಸಲಿಲ್ಲ.

ಭಾವೂ ಸೋತರು. ನಮ್ಮ ಚಾಳು, ಹಿಂದಿನ ಚಾಳು ಇಷ್ಟೇ ಕೈಹಿಡಿದಿದ್ದರೂ ಗೆಲ್ಲುತ್ತಿದ್ದರು.

ಮರುದಿನ ನಮ್ಮ ಖೋಲಿಗೆ ಬಂದು ಹೊಸ್ತಿಲ ಮೇಲೆ ಕೂತರು. ನನಗೆ ತಡೆಯಲಾಗಲಿಲ್ಲ. "ಭಾವೂ, ನಮ್ಮನೀ ಓಟು ನಿಮಗ ಬೀಳಲಿಲ್ಲ."

"ಗೊತ್ತದ ಕಾಕಾ" ಎಂದರು. "ನನ್ನ ಹೆಂಡತೀದೂ ಬಿದ್ದಿಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರು ಕೈ ಚಾಚಿದರು, ಕೂಸನ್ನು ಕೊಟ್ಟೆ. ನನ್ನ ಮುಖ ಅವರು ನೋಡಲಿಲ್ಲ, ಅವರ ಮುಖ ನಾನು ನೋಡಲಿಲ್ಲ. ಇಬ್ಬರೂ ಕೂಸನ್ನೇ ನೋಡುತ್ತ ಕೂತೆವು.